ನನಗೆ ಬಂದದ್ದು, ನಾನೇ ಆದದ್ದು

ಮೂರು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿಸಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ಹಾಸ್ಟೆಲ್ಲಿಗೆ ಮರಳುವ ದಿನ. ಅಜ್ಜಿ ಮನೆಯ ಜಗಲಿಯ ಕಂಬಕ್ಕೆ ಒಂದು ಕನ್ನಡಿ ನೇತುಹಾಕಿದ್ದಾರೆ. ಅಂಗೈಗಿಂತ ತುಸು ದೊಡ್ಡದು. ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣುವುದಿಲ್ಲ, ಗಲ್ಲ ಕಂಡರೆ ಹಣೆ ಕಾಣುವುದಿಲ್ಲ. ಕುಂಕುಮ ನೆಟ್ಟಗಿದೆಯೇ, ಬೈತಲೆ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದಕ್ಕಷ್ಟೇ ಅದು. ಅದರಲ್ಲಿ ಮುಖ ನೋಡಿಕೊಂಡು, ಅಜ್ಜಿ ಬಡಿಸಿದ ಕಡುಬು ತಿಂದು, ಬಸ್ಸು ಹತ್ತಿದೆ. ಆ ಮೂರು ದಿನ ನನ್ನ ಮೈಯ ಬಗ್ಗೆ ನಾನು ಯೋಚಿಸಿರಲೇ ಇಲ್ಲ ಎನ್ನುವುದು ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಸಂತೋಷವಾಯಿತು.

ದಾರಿಯಲ್ಲಿ ನನ್ನ ಮಾರ್ಗದರ್ಶಕರ ಮೇಲ್ ಬಂತು. ಎರಡನೇ ಅಧ್ಯಾಯವನ್ನು ಬಹುಪಾಲು ಹೊಸದಾಗಿ ಬರೆಯಬೇಕು ಎಂದಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ರಾತ್ರಿ ಹಾಸ್ಟೆಲ್ ಕೋಣೆಗೆ ಬಂದು ಟ್ಯೂಬ್‌ಲೈಟ್ ಹಾಕಿದೆ. ಎದುರಿಗೆ ಬೀರುವಿನ ಆಳೆತ್ತರದ ಕನ್ನಡಿ. ಅದರಲ್ಲಿ ನಿಂತವಳು ಬೆಳಿಗ್ಗೆ ಬಸ್ಸು ಹತ್ತಿದವಳಲ್ಲ. ತೋಳು, ಹೊಟ್ಟೆ, ಕತ್ತು ಎಲ್ಲವೂ ಊದಿಕೊಂಡಿದ್ದವು. ಹಾಕಿದ್ದು ಅದೇ ಚೂಡಿದಾರ. ಬೆಳಿಗ್ಗೆ ಎಷ್ಟು ಸಡಿಲವಿತ್ತೋ ಈಗಲೂ ಅಷ್ಟೇ ಸಡಿಲವಿತ್ತು. ಒಂದು ಹಗಲಿನಲ್ಲಿ ಯಾರ ಮೈಯೂ ಹಾಗೆ ಬದಲಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಣ್ಣಿಗೆ ಕಂಡದ್ದು ಕಂಡಂತೆಯೇ ಇತ್ತು. ಆ ರಾತ್ರಿ ನಾನು ಊಟಕ್ಕೆ ಇಳಿಯಲಿಲ್ಲ.

ಪದವಿ ಓದುವಾಗಿನಿಂದ ನನಗೆ ಈಟಿಂಗ್ ಡಿಸಾರ್ಡರ್ ಇತ್ತು. ಊಟ ಬಿಡುವುದು, ಆಮೇಲೆ ತಡೆಯಲಾರದೆ ತಿನ್ನುವುದು, ತಿಂದದ್ದಕ್ಕೆ ನನ್ನನ್ನೇ ಶಿಕ್ಷಿಸಿಕೊಳ್ಳುವುದು. ಹೀಗೆ ನಾಲ್ಕೈದು ವರ್ಷ ಹೋಯಿತು. ಈ ಘಟನೆಯ ಹೊತ್ತಿಗೆ ಚಿಕಿತ್ಸೆ ಪಡೆದು ಬಹಳ ಮಟ್ಟಿಗೆ ಚೇತರಿಸಿಕೊಂಡಿದ್ದೆ. ಅದಕ್ಕೇ ಆ ರಾತ್ರಿ ಭಯಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಕಾಡಿತು. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ಎಷ್ಟೋ ಪ್ರಶ್ನೆಗಳನ್ನು ಪುಸ್ತಕದಿಂದ ಎತ್ತಿಕೊಂಡಿದ್ದೇನೆ. ಇದು ಹಾಗೆ ಬಂದದ್ದಲ್ಲ. ಬೆಳಗಿನ ಮೈ ಮತ್ತು ರಾತ್ರಿಯ ಮೈ, ಇವೆರಡರಲ್ಲಿ ಯಾವುದು ನಿಜ? ನನ್ನ ಮೈ ನನಗೆ ಹೇಗೆ ಕಾಣಬೇಕು ಎಂಬುದನ್ನು ನನ್ನ ಮನಸ್ಸಿನ ಹವೆಯೂ ನಾನಿರುವ ಜಾಗವೂ ತೀರ್ಮಾನಿಸುವುದಾದರೆ, ಆ ನೋಟಕ್ಕೆ ಹೊಣೆ ಯಾರು?

ಈ ಕಾಯಿಲೆಯ ಬಗ್ಗೆ ಜನ ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಚೆಂದ ಕಾಣುವ ಹುಚ್ಚು ಎನ್ನುವುದು ಒಂದು. ಕಣ್ಣಿನ ಭ್ರಮೆ, ಕನ್ನಡಿಯಲ್ಲಿ ತಪ್ಪು ಕಾಣುತ್ತದೆ ಎನ್ನುವುದು ಇನ್ನೊಂದು. ಎರಡನೆಯದು ಸತ್ಯಕ್ಕೆ ತುಸು ಹತ್ತಿರ, ಆದರೂ ಪೂರ್ತಿ ಸರಿಯಲ್ಲ. ಪಾಲ್ ಶಿಲ್ಡರ್ ಎಂಬ ಮನೋವೈದ್ಯ 1935ರಲ್ಲಿ ಬರೆದ ಪುಸ್ತಕದಲ್ಲಿ 'ಬಾಡಿ ಇಮೇಜ್' ಎಂದರೆ ನಮ್ಮ ಮೈಯನ್ನು ಕುರಿತು ನಮ್ಮ ಮನಸ್ಸಿನಲ್ಲಿ ನಾವು ಕಟ್ಟಿಕೊಳ್ಳುವ ಚಿತ್ರ ಎಂದು ವಿವರಿಸಿದ. ಆ ಚಿತ್ರಕ್ಕೆ ಕಣ್ಣು ಕೊಡುವುದು ಒಂದು ಪಾಲು ಮಾತ್ರ. ನೆನಪು, ಭಾವನೆ, ಬೇರೆಯವರ ನೋಟ ಎಲ್ಲವೂ ಅದರೊಳಗೆ ಸೇರಿರುತ್ತವೆ. 1962ರಲ್ಲಿ ಹಿಲ್ಡೆ ಬ್ರುಕ್ ಎಂಬ ವೈದ್ಯೆ ಅನೊರೆಕ್ಸಿಯಾದ ಕೇಂದ್ರದಲ್ಲಿರುವುದು ಈ ಚಿತ್ರದ ಏರುಪೇರು ಎಂದು ವಾದಿಸಿದರು. ತಮ್ಮೊಳಗೆ ಏಳುವ ಹಸಿವು, ದಣಿವು, ಬೇಸರಗಳನ್ನು ಗುರುತಿಸುವುದೇ ಇಂಥವರಿಗೆ ಕಷ್ಟವಾಗಿರುತ್ತದೆ ಎಂದೂ ಅವರು ಗಮನಿಸಿದ್ದರು.

ಈ ಚಿತ್ರ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನ ಒಂದು ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 2013ರಲ್ಲಿ ಪ್ರಕಟವಾದದ್ದು. ಅನೊರೆಕ್ಸಿಯಾ ಇದ್ದವರನ್ನೂ ಇಲ್ಲದವರನ್ನೂ ಬೇರೆ ಬೇರೆ ಅಗಲದ ಬಾಗಿಲುಗಳ ಮೂಲಕ ನಡೆಯಲು ಹೇಳಿದರು. ನಿಜವಾಗಿ ಏನನ್ನು ಅಳೆಯುತ್ತಿದ್ದಾರೆ ಎಂದು ತಿಳಿಸಲಿಲ್ಲ. ಬಾಗಿಲು ಕಿರಿದಾದಾಗ ನಾವೆಲ್ಲ ಭುಜ ಓರೆ ಮಾಡುತ್ತೇವಲ್ಲ, ಅದನ್ನು ಯಾವ ಅಗಲದಿಂದ ಶುರುಮಾಡುತ್ತಾರೆ ಎಂದು ನೋಡಿದರು. ಕಾಯಿಲೆ ಇಲ್ಲದವರು ತಮ್ಮ ಭುಜಕ್ಕಿಂತ ಬಾಗಿಲು ಸುಮಾರು 25 ಪ್ರತಿಶತ ಅಗಲವಿದ್ದಾಗ ಓರೆಯಾಗತೊಡಗಿದರು. ಕಾಯಿಲೆ ಇದ್ದವರು 40 ಪ್ರತಿಶತ ಅಗಲವಿದ್ದಾಗಲೇ. ಅಷ್ಟು ಸಣಕಲು ದೇಹಗಳು, ಅಷ್ಟು ಅಗಲದ ಬಾಗಿಲುಗಳು, ಆದರೂ ಓರೆಯಾಗಿ ತೂರಿಕೊಂಡು ಹೋದರು. ಅಲ್ಲಿ ಕನ್ನಡಿ ಇರಲಿಲ್ಲ. 'ನೀನು ದಪ್ಪ ಇದ್ದೀಯ ಅನ್ನಿಸುತ್ತಾ' ಎಂದು ಯಾರೂ ಕೇಳಲಿಲ್ಲ. ಕಾಲು ಮತ್ತು ಭುಜಗಳೇ ಹಾಗೆ ನಂಬಿದ್ದವು. 'ಅಯ್ಯೋ, ನೀನೆಲ್ಲಿ ದಪ್ಪ ಇದ್ದೀಯೇ, ಸುಮ್ಮನೆ ಊಟ ಮಾಡು' ಎನ್ನುವ ಅಮ್ಮನ ಮಾತು ಏಕೆ ನಾಟುವುದಿಲ್ಲ ಎಂಬುದು ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು. ಭುಜದೊಂದಿಗೆ ವಾದ ಮಾಡಿ ಗೆಲ್ಲಲಾಗುವುದಿಲ್ಲ.

ಹಾಗೆಂದು ಈ ಚಿತ್ರ ಸದಾ ಒಂದೇ ಹದದಲ್ಲಿ ನಿಂತಿರುತ್ತದೆಯೇ? ಇಲ್ಲ. ನನಗೆ ಚಿಕಿತ್ಸೆ ಕೊಟ್ಟವರು ಒಂದು ನೋಟ್‌ಬುಕ್ ಇಡಲು ಹೇಳಿದ್ದರು. 'ದಪ್ಪ ಆಗಿದ್ದೇನೆ' ಎಂದು ಬಲವಾಗಿ ಅನ್ನಿಸಿದಾಗಲೆಲ್ಲ ಮೂರೇ ಸಂಗತಿ ಬರೆಯಬೇಕು. ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು. ಎರಡು ತಿಂಗಳ ಬಳಿಕ ಆ ಪುಟಗಳನ್ನು ಒಟ್ಟಿಗೆ ಓದಿದಾಗ ಬೇರೆ ಯಾರದೋ ದಿನಚರಿ ಓದಿದಂತಾಯಿತು. ಬಟ್ಟೆ ಅಂಗಡಿಯ ಟ್ರಯಲ್ ರೂಮು. ಮದುವೆ ಮನೆ. ಸೆಮಿನಾರಿನಲ್ಲಿ ಪ್ರಬಂಧ ಓದುವ ಮುಂಚಿನ ಅರ್ಧ ಗಂಟೆ. ನಿದ್ದೆಗೆಟ್ಟ ರಾತ್ರಿಯ ಮರುದಿನ. ಫೆಲೋಶಿಪ್ ತಡವಾಗಿ, ಅಪ್ಪನ ಹತ್ತಿರ ಮತ್ತೆ ದುಡ್ಡು ಕೇಳಬೇಕಾಗಿ ಬಂದ ದಿನ. ಮುಟ್ಟಿನ ಹಿಂದಿನ ಎರಡು ದಿನ. ತಿಂದ ಊಟಕ್ಕೂ ಈ ಪಟ್ಟಿಗೂ ನಾನು ಅಂದುಕೊಂಡಿದ್ದಷ್ಟು ಸಂಬಂಧ ಇರಲಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಹುಡುಕುತ್ತಿದ್ದಾಗ ಒಂದು ಸಲವೂ ಆ ಭಾವ ಬಂದಿರಲಿಲ್ಲ. ಊರಿನಲ್ಲಿದ್ದಾಗ ಬಂದದ್ದು ಅಪರೂಪ.

ಆ ನೋಟ್‌ಬುಕ್ ನೋಡುತ್ತಾ ನನಗೆ ನಮ್ಮ ಭಾಷೆಯ ಒಂದು ಗುಣ ಹೊಳೆಯಿತು. ಕನ್ನಡದಲ್ಲಿ ನಾವು 'ನಾನು ಹಸಿವು' ಎನ್ನುವುದಿಲ್ಲ, 'ನನಗೆ ಹಸಿವಾಗಿದೆ' ಎನ್ನುತ್ತೇವೆ. ನನಗೆ ಬೇಜಾರಾಗಿದೆ, ನನಗೆ ಸಿಟ್ಟು ಬಂತು, ನನಗೆ ನಾಚಿಕೆಯಾಯಿತು, ನನಗೆ ಸುಸ್ತಾಗಿದೆ. ಎಲ್ಲಿಂದಲೋ ಬಂದವು, ನನಗೆ ಆದವು, ಸ್ವಲ್ಪ ಹೊತ್ತಿಗೆ ಹೋಗುವವು. ನಾನು ಅವುಗಳಿಗೆ ಮನೆ, ಅವು ನೆಂಟರು. ಆದರೆ ದಪ್ಪ, ತೆಳ್ಳಗೆ, ಕಪ್ಪು, ಕುಳ್ಳಿ ಎನ್ನುವಾಗ ವಾಕ್ಯ ಬದಲಾಗುತ್ತದೆ. 'ನಾನು ದಪ್ಪ.' ಅಲ್ಲಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅದು ನಾನೇ. ನನ್ನ ಕಾಯಿಲೆ ಮಾಡುತ್ತಿದ್ದ ಕೆಲಸ ಇದೇ ಎಂದು ನನಗೀಗ ತೋರುತ್ತದೆ. ನನಗೆ ಬಂದ ನಾಚಿಕೆಯನ್ನು, ನನಗೆ ಆದ ಅವಮಾನವನ್ನು, ನನಗೆ ಆಗಿದ್ದ ಸುಸ್ತನ್ನು ಅದು ಎತ್ತಿ ಇನ್ನೊಂದು ವಾಕ್ಯಕ್ಕೆ ಹಾಕುತ್ತಿತ್ತು. ನೆಂಟರು ಮನೆಯನ್ನೇ ತಮ್ಮ ಹೆಸರಿಗೆ ಬರೆಸಿಕೊಂಡ ಹಾಗೆ. ಈಟಿಂಗ್ ಡಿಸಾರ್ಡರ್‌ಗಳ ಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಇದನ್ನು ವೈದ್ಯರ ಭಾಷೆಯಲ್ಲಿ ವಿವರಿಸುತ್ತಾರೆ. 'ದಪ್ಪ ಅನ್ನಿಸುವುದು' ಬಹಳ ಸಲ ಬೇರೆ ಯಾವುದೋ ಭಾವನೆಗೋ ಮೈಯೊಳಗಿನ ಬೇರೆ ಯಾವುದೋ ಕಸಿವಿಸಿಗೋ ತಪ್ಪಾಗಿ ಅಂಟಿಸಿದ ಹೆಸರು ಎನ್ನುವುದು ಅವರ ವಿವರಣೆ.

ಇಲ್ಲಿಗೆ ನಿಲ್ಲಿಸಿದ್ದರೆ ಸುಲಭವಿತ್ತು. ಮೂಡು ಸುಳ್ಳು ಹೇಳುತ್ತದೆ, ನಂಬಬೇಡಿ ಎಂದು ಮುಗಿಸಬಹುದಿತ್ತು. ಆದರೆ ನಾನು ಓದುತ್ತಿರುವ ಶಾಸ್ತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಾರ್ಟಿನ್ ಹೈಡೆಗರ್ 1927ರ ತನ್ನ 'ಬೀಯಿಂಗ್ ಅಂಡ್ ಟೈಮ್' ಕೃತಿಯಲ್ಲಿ ಮನಸ್ಥಿತಿಯ ಬಗ್ಗೆ ಬೇರೆಯೇ ಮಾತು ಹೇಳುತ್ತಾನೆ. ಜಗತ್ತು ಮೊದಲು ನಿರ್ಭಾವವಾಗಿ ಕಾಣಿಸಿ ಆಮೇಲೆ ಅದಕ್ಕೆ ನಾವು ಭಾವನೆಯ ಬಣ್ಣ ಬಳಿಯುತ್ತೇವೆ ಎಂಬುದನ್ನು ಅವನು ಒಪ್ಪುವುದಿಲ್ಲ. ಜಗತ್ತು ನಮಗೆ ತೆರೆದುಕೊಳ್ಳುವುದೇ ಯಾವುದೋ ಒಂದು ಮನಸ್ಥಿತಿಯ ಮೂಲಕ. ಭಯದಲ್ಲಿರುವವನಿಗೆ ಮಾತ್ರ ಅಪಾಯ ಅಪಾಯವಾಗಿ ಕಾಣುತ್ತದೆ. ಮನಸ್ಥಿತಿ ತೋರಿಸುತ್ತದೆ, ಮರೆಮಾಡುವುದಷ್ಟೇ ಅದರ ಕೆಲಸವಲ್ಲ. ಎಂ.ಎ. ಮೊದಲ ವರ್ಷದಲ್ಲಿ ಇದನ್ನು ಓದಿದಾಗ ನಾನು ಕಾಯಿಲೆಯ ನಡುಮಧ್ಯದಲ್ಲಿದ್ದೆ. ನಾಚಿಕೆಯಾಗದೆ ಹೇಳುತ್ತೇನೆ, ಆ ಪುಟಗಳನ್ನು ನನ್ನ ಕಾಯಿಲೆಯ ಪರವಾದ ವಕಾಲತ್ತಿನಂತೆ ಓದಿಕೊಂಡೆ. ನೋಡು, ದುಃಖದಲ್ಲಿರುವಾಗ ಕಾಣುವುದೇ ನಿಜ. ಖುಷಿಯಲ್ಲಿರುವಾಗ ನೀನು ನಿನ್ನ ಮೈಯನ್ನು ಮರೆತಿರುತ್ತೀಯ ಅಷ್ಟೇ.

ಇದಕ್ಕೆ ಉತ್ತರ ಹುಡುಕಲು ನನಗೆ ವರ್ಷಗಳೇ ಬೇಕಾದವು. ಮನಸ್ಥಿತಿಗೆ ಹೈಡೆಗರ್ ಬಳಸುವ ಜರ್ಮನ್ ಪದ 'ಷ್ಟಿಮುಂಗ್'. ವಾದ್ಯಕ್ಕೆ ಶ್ರುತಿ ಮಾಡುವುದು ಎಂಬ ಅರ್ಥವೂ ಅದಕ್ಕಿದೆ. ಅಂದರೆ ಮನಸ್ಥಿತಿ ಎನ್ನುವುದು ನಮ್ಮ ಶ್ರುತಿ. ಶ್ರುತಿ ತಪ್ಪಿದ ತಂಬೂರಿಯೂ ಒಂದು ನಿಜವನ್ನು ಹೇಳುತ್ತದೆ. ತಂತಿ ಸಡಿಲವಾಗಿದೆ, ತೇವ ಹಿಡಿದಿದೆ, ಯಾರೋ ಬಿರಡೆ ತಿರುವಿದ್ದಾರೆ ಎಂಬ ನಿಜ. ಹಾಡು ಕೆಟ್ಟದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಆ ರಾತ್ರಿ ಹಾಸ್ಟೆಲ್ಲಿನ ಕನ್ನಡಿಯ ಮುಂದೆ ನನ್ನ ಮನಸ್ಥಿತಿ ತೋರಿಸಿದ್ದು ಸುಳ್ಳಲ್ಲ. ನಾನು ಒಂಟಿಯಾಗಿದ್ದೆ, ಸೋತಿದ್ದೆ, ಈ ಪಿಎಚ್.ಡಿ. ನನ್ನ ಕೈಲಾಗುತ್ತದೆಯೇ ಎಂಬ ಹೆದರಿಕೆಯಲ್ಲಿದ್ದೆ. ಅಷ್ಟೂ ನಿಜ. ಆದರೆ ಅದು ಬೆರಳು ತೋರಿಸಿದ ಜಾಗ ತಪ್ಪು. ಎರಡನೇ ಅಧ್ಯಾಯದ ಕಡೆ ತೋರಿಸಬೇಕಾದ ಬೆರಳು ನನ್ನ ಹೊಟ್ಟೆಯ ಕಡೆ ತೋರಿಸುತ್ತಿತ್ತು. ಹಾಗಾಗಿ ನಾನು ಈಗ ಮಾಡುವುದು ಇಷ್ಟು. ಮನಸ್ಥಿತಿಯ ಮಾತನ್ನು ತಳ್ಳಿಹಾಕುವುದಿಲ್ಲ, ಅದರ ವಿಳಾಸವನ್ನು ಮಾತ್ರ ಮತ್ತೊಮ್ಮೆ ಪರೀಕ್ಷಿಸುತ್ತೇನೆ. ಶ್ರುತಿ ಸರಿಯಿದೆಯೇ ಎಂದು ನೋಡಲು ಇನ್ನೊಂದು ಸ್ವರ ಬೇಕಾಗುತ್ತದೆ. ಒಬ್ಬಳೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ಪರೀಕ್ಷೆ ನಡೆಸಲಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ವಿಷವರ್ತುಲವಿದೆ. ಉಪವಾಸವೇ ಮನಸ್ಥಿತಿಯನ್ನು ಕೆಡಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಜನ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇಲೆ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ಅಧ್ಯಯನ ಮಾಡಿದರು. ಮೊದಲು ಗಟ್ಟಿ ಮನಸ್ಸಿನವರಾಗಿದ್ದ ಆ ಹುಡುಗರು ಮಂಕಾದರು, ಸಿಡುಕರಾದರು, ಗೆಳೆಯರಿಂದ ದೂರವಾದರು. ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತಾ ಕೂರುತ್ತಿದ್ದರು. ಅವರು ಯಾರೂ ತೆಳ್ಳಗಾಗಲು ಹೊರಟವರಲ್ಲ. ಹಸಿವೇ ಅವರ ಮನಸ್ಸನ್ನು ಹಾಗೆ ಮಾಡಿತ್ತು. ಮನಸ್ಸು ಕೆಟ್ಟಿದ್ದಕ್ಕೆ ಊಟ ಬಿಡುವುದು, ಊಟ ಬಿಟ್ಟಿದ್ದಕ್ಕೆ ಮನಸ್ಸು ಕೆಡುವುದು. ಈ ಸುತ್ತಿನೊಳಗೆ ಸಿಕ್ಕಿಕೊಂಡವರಿಗೆ 'ಮನಸ್ಸು ಗಟ್ಟಿ ಮಾಡ್ಕೋ' ಎಂದು ಹೇಳುವುದು ಎಷ್ಟು ವ್ಯರ್ಥ ಎಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನು ಸುತ್ತಲಿನ ಮಾತು. 1995ರಲ್ಲಿ ಫಿಜಿ ದ್ವೀಪದ ನಂದ್ರೋಗಾ ಎಂಬ ಪ್ರದೇಶಕ್ಕೆ ಟೆಲಿವಿಷನ್ ಬಂತು. ತುಂಬಿದ ಮೈಯನ್ನು ಮೆಚ್ಚುವ, ಯಾರಾದರೂ ಸೊರಗಿದರೆ ಮನೆಯವರ ಆರೈಕೆಯಲ್ಲಿ ಕೊರತೆಯಾಯಿತೇ ಎಂದು ಊರೇ ಆತಂಕ ಪಡುವ ಸಮಾಜ ಅದು. ಹಾರ್ವರ್ಡಿನ ಆನ್ ಬೆಕರ್ ಟಿವಿ ಬಂದ ಹೊಸತರಲ್ಲಿ ಅಲ್ಲಿನ ಶಾಲಾ ಹುಡುಗಿಯರನ್ನು ಪ್ರಶ್ನಿಸಿ, 1998ರಲ್ಲಿ ಅದೇ ವಯಸ್ಸಿನ ಬೇರೆ ಹುಡುಗಿಯರನ್ನು ಮತ್ತೆ ಪ್ರಶ್ನಿಸಿದರು. ಊಟದ ಬಗ್ಗೆ ಕಾಯಿಲೆಯ ಸೂಚನೆ ಕೊಡುವಷ್ಟು ಅಂಕ ಪಡೆದವರು 12.7 ಪ್ರತಿಶತದಿಂದ 29.2 ಪ್ರತಿಶತಕ್ಕೆ ಏರಿದ್ದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದ ಮೇಲೆ 11.3 ಪ್ರತಿಶತ ಇದ್ದರು. ಟಿವಿಯೊಂದೇ ಕಾರಣ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಅದೇ ಕಾಲದಲ್ಲಿ ಅಲ್ಲಿ ಬೇರೆ ಎಷ್ಟೋ ಬದಲಾಗುತ್ತಿತ್ತು. ಆದರೂ ಹುಡುಗಿಯರು ತಾವು ನೋಡಿದ ಧಾರಾವಾಹಿಗಳ ನಟಿಯರ ಹಾಗಾಗಬೇಕು ಎಂದು ತಾವಾಗಿಯೇ ಹೇಳಿದ್ದರು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿಯೂ ಇದೆ. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ಮತ್ತು ಸಂಗಡಿಗರು 1993ರಲ್ಲಿ ಅನೊರೆಕ್ಸಿಯಾ ಇದ್ದ 70 ರೋಗಿಗಳ ಬಗ್ಗೆ ಬರೆದರು. ಅವರಲ್ಲಿ ಐವರಲ್ಲಿ ಮೂವರಷ್ಟು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಿದ್ದರು. ಅದೇ ಉಪವಾಸ, ಅದೇ ಅಪಾಯ, ಆದರೆ ಕೊಡುವ ಕಾರಣ ಬೇರೆ. ನಮ್ಮ ಸಂಕಟಕ್ಕೆ ಹೆಸರನ್ನೂ ನಾವು ಸುತ್ತಲಿನಿಂದಲೇ ಸಾಲ ತರುತ್ತೇವೆ ಎಂದಾಯಿತು. ನಮ್ಮಲ್ಲಿಯೂ ಹೀಗೆ ಸಾಲ ಸಿಗುವ ಜಾಗಗಳಿವೆ. 'ಇವತ್ತು ನನ್ನದು ಒಪ್ಪೊತ್ತು' ಎಂದು ಹೇಳಿದರೆ ಯಾವ ಮನೆಯಲ್ಲೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಸೋಮವಾರ, ಸಂಕಷ್ಟಿ, ಏಕಾದಶಿ ಎಲ್ಲವನ್ನೂ ನಾನು ಒಂದು ಕಾಲದಲ್ಲಿ ಭಕ್ತಿಯಿಂದ ಆಚರಿಸುತ್ತಿದ್ದೆ. ಅಜ್ಜಿಗೆ ಮೊಮ್ಮಗಳ ಬಗ್ಗೆ ಹೆಮ್ಮೆಯಿತ್ತು. ವ್ರತದಲ್ಲಿ ತಪ್ಪೇನೂ ಇಲ್ಲ. ನನ್ನ ಕಾಯಿಲೆ ಅದರ ಸೆರಗಿನಲ್ಲಿ ಅಡಗಿಕೊಂಡಿತ್ತು ಅಷ್ಟೇ.

ಸುತ್ತಲು ಎಂದರೆ ಟಿವಿ, ಮೊಬೈಲು ಮಾತ್ರವಲ್ಲ, ಒಂದು ಕೋಣೆಯ ಗಾತ್ರದ್ದೂ ಆಗಿರಬಹುದು. 1998ರಲ್ಲಿ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಕನ್ನಡಿಯಿರುವ ಕೋಣೆಯಲ್ಲಿ ಒಬ್ಬೊಬ್ಬರಾಗಿ ಬಟ್ಟೆ ಹಾಕಿ ನೋಡಲು ಹೇಳಿದರು. ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್. ಆಮೇಲೆ ಅದೇ ಉಡುಪಿನಲ್ಲಿ ಗಣಿತದ ಲೆಕ್ಕಗಳನ್ನು ಮಾಡಿಸಿದರು. ಈಜುಡುಗೆ ಹಾಕಿದ್ದ ಹುಡುಗಿಯರು ಲೆಕ್ಕದಲ್ಲಿ ಹಿಂದೆ ಬಿದ್ದರು, ಹುಡುಗರಲ್ಲಿ ಹಾಗಾಗಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೋಡುವವರು ಇಲ್ಲದಿದ್ದರೂ ನೋಟ ಇತ್ತು, ಮನಸ್ಸಿನ ಅರ್ಧ ಭಾಗವನ್ನು ಅದು ತಿಂದುಹಾಕಿತ್ತು. ಇದನ್ನು ಓದಿದಾಗ ನಾನು ಕಳೆದುಕೊಂಡ ಗಂಟೆಗಳ ನೆನಪಾಯಿತು. ಎಷ್ಟು ಪುಟ ಓದಬಹುದಿತ್ತು, ಎಷ್ಟು ಮಾತಾಡಬಹುದಿತ್ತು!

ಈಗ ಹೊಣೆಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಬರೆಯುವುದು ಕಷ್ಟ.

ಎರಡು ವರ್ಷದ ಹಿಂದೆ ನಮ್ಮ ಹಾಸ್ಟೆಲ್ಲಿನಲ್ಲಿ ಎಂ.ಎ. ಓದುತ್ತಿದ್ದ ಒಬ್ಬ ಹುಡುಗಿ ರಜೆ ಮುಗಿಸಿ ಬಂದಳು. ಮೊದಲಿಗಿಂತ ಬಹಳ ಸಣ್ಣಗಾಗಿದ್ದಳು. ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವಳಿಗೆ ನಾನು ಎಲ್ಲರ ಮುಂದೆ ಹೇಳಿದೆ: "ಏನೇ ಇದು, ಎಷ್ಟು ತೆಳ್ಳಗಾಗಿದೀಯ! ಎಷ್ಟು ಚೆನ್ನಾಗಿ ಕಾಣ್ತಿದೀಯ ಮಾರಾಯ್ತಿ, ಏನು ಸೀಕ್ರೆಟ್ಟು?" ಅವಳು ನಕ್ಕಳು. ಸುತ್ತಲಿದ್ದವರೂ ನಕ್ಕರು. ನಾಲ್ಕು ತಿಂಗಳ ಬಳಿಕ ಅವಳ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಗೆ ಸೇರಿಸಬೇಕಾಯಿತು, ಒಂದು ಸೆಮಿಸ್ಟರ್ ಹೋಯಿತು. ಮರುವರ್ಷ ತಿರುಗಿ ಬಂದಳು. ಒಂದು ಸಂಜೆ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವಾಗ, ಯಾವ ಸಿಟ್ಟೂ ಇಲ್ಲದೆ ಹೇಳಿದಳು: "ಅಕ್ಕಾ, ನೀವು ಅವತ್ತು ಮೆಸ್ಸಲ್ಲಿ ಹೇಳಿದ್ರಲ್ಲ, ಅದನ್ನ ಡೈರೀಲಿ ಬರ್ಕೊಂಡಿದ್ದೆ. ಊಟ ಮಾಡೋಣ ಅನ್ನಿಸಿದಾಗೆಲ್ಲ ತೆಗೆದು ಓದ್ತಿದ್ದೆ."

ನನಗೆ ಗೊತ್ತಿತ್ತು. ಮೇಲೆ ಬರೆದ ಅಧ್ಯಯನಗಳನ್ನೆಲ್ಲ ಆಗಲೇ ಓದಿದ್ದೆ. ಸ್ವತಃ ಆ ಬಾವಿಯಿಂದ ಎದ್ದು ಬಂದವಳು ನಾನು. ಒಬ್ಬಳು ಹುಡುಗಿ ಹಠಾತ್ತನೆ ಸಣ್ಣಗಾದರೆ ಏನೇನಿರಬಹುದು ಎಂದು ಆ ಮೆಸ್ಸಿನಲ್ಲಿ ಬೇರೆ ಯಾರಿಗಿಂತಲೂ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಮಾತು ಬಾಯಿಂದ ಬಂತು. ಬಂದದ್ದು ಎಲ್ಲಿಂದ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ಹೊಟ್ಟೆಕಿಚ್ಚಿನಿಂದ. ಅವಳನ್ನು ಕಂಡ ಕೂಡಲೇ ನನ್ನ ಮೈ ನನಗೆ ದೊಡ್ಡದಾಗಿ ಕಂಡಿತ್ತು. ಮಾತು ಹೊಗಳಿಕೆಯ ವೇಷದಲ್ಲಿ ಹೊರಗೆ ಬಂತು.

ಅವಳ ಕಾಯಿಲೆಗೆ ನಾನು ಕಾರಣಳೇ? ಅಲ್ಲ, ಹಾಗೆ ಹೇಳುವುದೂ ಒಂದು ಬಗೆಯ ಅಹಂಕಾರ. ಈ ಕಾಯಿಲೆಗಳಲ್ಲಿ ವಂಶವಾಹಿಗಳ ಪಾಲು ಗಣನೀಯವಾಗಿದೆ ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಒಂದೇ ಧಾರಾವಾಹಿ ನೋಡುವ, ಒಂದೇ ಅತ್ತೆಯ ಮಾತು ಕೇಳಿಸಿಕೊಳ್ಳುವ ನೂರು ಹುಡುಗಿಯರಲ್ಲಿ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹಾಗೆಂದು ಬೇರೆಯವರ ಮೇಲೆ ತಪ್ಪು ಹೊರಿಸುವ ಇತಿಹಾಸವೂ ಚೆನ್ನಾಗಿಲ್ಲ. 'ಅನೊರೆಕ್ಸಿಯಾ ನರ್ವೋಸಾ' ಎಂಬ ಹೆಸರನ್ನು ಬಳಕೆಗೆ ತಂದ ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲಿಯೇ ಇಂಥ ರೋಗಿಗಳ ಆರೈಕೆಗೆ ಸಂಬಂಧಿಕರು, ಸ್ನೇಹಿತರು ತಕ್ಕವರಲ್ಲ ಎಂದಿದ್ದ. ಆಮೇಲಿನ ಒಂದು ಶತಮಾನ ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸುವುದರಲ್ಲಿ ಬಹಳಷ್ಟು ಕಳೆಯಿತು. ಈಗ ಹದಿವಯಸ್ಸಿನವರ ಚಿಕಿತ್ಸೆಯಲ್ಲಿ ತಂದೆತಾಯಿಯರನ್ನು ಹೊರಗಿಡದೆ ಅವರನ್ನೇ ಮುಂದೆ ನಿಲ್ಲಿಸುವ ಕ್ರಮ ಬಂದಿದೆ, ಫಲ ಕೊಟ್ಟೂ ಇದೆ.

ಕಾರಣವಾಗುವುದು ಬೇರೆ, ಹೊಣೆಯಾಗುವುದು ಬೇರೆ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಮಳೆಗಾಲದಲ್ಲಿ ಯಾರ ಮನೆಯ ಗೋಡೆ ಬೀಳುತ್ತದೆ ಎಂಬುದು ಆ ಗೋಡೆಯ ಮಣ್ಣು, ಅಡಿಪಾಯದ ಮೇಲೆ ಹೋಗುತ್ತದೆ. ನನ್ನ ಸೂರಿನ ನೀರನ್ನು ಅದರ ಬುಡಕ್ಕೆ ಹರಿಯಬಿಡದೆ ಇರುವುದು ಮಾತ್ರ ನನ್ನ ಹೊಣೆ. ಗೋಡೆ ಬೀಳದಿದ್ದರೂ ಆ ಹೊಣೆ ತಪ್ಪುವುದಿಲ್ಲ. ಇಷ್ಟು ವರ್ಷ ನಾನು ಪರಿಸರ ಎಂದರೆ ನನ್ನ ಸುತ್ತ ಇರುವುದು ಎಂದುಕೊಂಡಿದ್ದೆ. ಕನ್ನಡಿ, ಟ್ಯೂಬ್‌ಲೈಟು, ಮದುವೆ ಮನೆಯ ದೊಡ್ಡಮ್ಮಂದಿರು, ಎಲ್ಲರೂ ನನಗೆ ಪರಿಸರ. ಆ ಸಂಜೆ ಮೆಟ್ಟಿಲ ಮೇಲೆ ನನಗೆ ಗೊತ್ತಾದದ್ದು, ನಾನೂ ಇನ್ನೊಬ್ಬರ ಪರಿಸರ ಎಂದು. ಅವಳ ರಾತ್ರಿಗಳಲ್ಲಿ ನಾನು ಒಂದು ಕನ್ನಡಿಯಾಗಿದ್ದೆ. ನಮ್ಮ ಮಾತು ಇನ್ನೊಬ್ಬರ ಮನಸ್ಸಿನ ಯಾವ ಹವೆಯಲ್ಲಿ ಹೋಗಿ ಬೀಳುತ್ತದೆ ಎಂಬುದು ನಮಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದೇ ಎಚ್ಚರಕ್ಕೆ ಸಾಕಷ್ಟು ಕಾರಣ.

ಹಾಗಾದರೆ ಮೈಯ ಬಗ್ಗೆ ಮಾತೇ ಆಡಬಾರದೇ ಎಂದು ನನ್ನ ದೊಡ್ಡಮ್ಮ ಕೇಳಿದರು. "ಕಂಡಾಗ ಸೊರಗಿದೀಯಲ್ಲೇ ಅನ್ನದೆ ಮತ್ತೆಂಥ ಅನ್ನೋದು?" ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. 'ಸೊರಗಿದೀಯ' ಎನ್ನುವುದು ನಮ್ಮ ಕಡೆ ಪ್ರೀತಿಯ ಮಾತು. ಉಂಡೆಯಾ, ನಿನ್ನನ್ನು ನೋಡಿಕೊಳ್ಳುವವರಿದ್ದಾರಾ ಎಂದು ಕೇಳುವ ರೀತಿ. ಆದರೆ ಅದೇ ಮಾತು ಕಾಯಿಲೆಯಲ್ಲಿದ್ದ ನನ್ನ ಕಿವಿಗೆ ಬಹುಮಾನವಾಗಿ ಬೀಳುತ್ತಿತ್ತು. 'ಮೈ ಕೈ ತುಂಬಿಕೊಂಡಿದೀಯ' ಎಂಬ ಹೊಗಳಿಕೆ ತೀರ್ಪಾಗಿ ಬೀಳುತ್ತಿತ್ತು. ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಆ ಮಾತಿನ ಹಿಂದೆ ಇರುವ ಪ್ರಶ್ನೆಯನ್ನೇ ಕೇಳಿಬಿಡಿ. ಹೇಗಿದೀಯೇ, ಸರಿಯಾಗಿ ನಿದ್ದೆ ಬರ್ತದಾ, ಓದು ಎಲ್ಲಿಗೆ ಬಂತು, ಅಲ್ಲಿ ಜೊತೆಗೆ ಯಾರಿದಾರೆ. ಸುಸ್ತು, ಹೆದರಿಕೆ, ಒಂಟಿತನಗಳಿಗೆ ಅವುಗಳದೇ ಹೆಸರಿನಲ್ಲಿ ಕೂರಲು ಜಾಗ ಸಿಕ್ಕರೆ ಅವು ಮೈಯೊಳಗೆ ಅಡಗಿಕೊಳ್ಳಬೇಕಾಗಿಲ್ಲ.

ಹೀಗೆ ಕೇಳಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಇದು ಜೀವಕ್ಕೇ ಕುತ್ತು ತರಬಲ್ಲ ಕಾಯಿಲೆ. ಇದಕ್ಕೆ ವೈದ್ಯರು ಬೇಕು, ಪಥ್ಯವಲ್ಲ, ಊಟ ಬೇಕು, ಸಮಯ ಬೇಕು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇದು ತಮ್ಮದೇ ಕಥೆ ಅನ್ನಿಸಿದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಾನು ಮೊದಲ ಸಲ ಬಾಯಿಬಿಡಲು ನಾಲ್ಕು ವರ್ಷ ತೆಗೆದುಕೊಂಡೆ. ಅಷ್ಟು ಕಾಯಬೇಡಿ.

ನಿಮ್ಮ ಮೈಯನ್ನು ಪ್ರೀತಿಸಿ ಎಂದು ಈಗ ಎಲ್ಲೆಲ್ಲೂ ಬರೆದಿರುತ್ತಾರೆ. ನನಗೆ ಅದು ಇನ್ನೊಂದು ಪರೀಕ್ಷೆಯಂತೆಯೇ ಕೇಳಿಸುತ್ತದೆ. ಮೊದಲು ಮೈ ಚೆನ್ನಾಗಿಲ್ಲ ಎಂದು ಸೋತೆ, ಈಗ ಪ್ರೀತಿ ಸಾಲದು ಎಂದು ಸೋಲಬೇಕು. ಕನ್ನಡಿಯ ಮುಂದೆ ನಿಲ್ಲುವುದು ಮಾತ್ರ ತಪ್ಪುವುದಿಲ್ಲ. ಆರೋಗ್ಯಕ್ಕೆ ಹತ್ತಿರವಾದ ಪದ ನಮ್ಮಲ್ಲಿ ಬೇರೆ ಇದೆ. ಮೈಮರೆಯುವುದು. ಕಥೆ ಕೇಳುತ್ತಾ, ಹಾಡು ಕೇಳುತ್ತಾ, ಕೆಲಸ ಮಾಡುತ್ತಾ ಮೈಮರೆತೆ ಎನ್ನುತ್ತೇವೆ. ಮೈಯನ್ನು ದ್ವೇಷಿಸದೆ, ಹೊಗಳದೆ, ಅದು ತನ್ನ ಪಾಡಿಗೆ ಇರಲು ಬಿಟ್ಟು ಜಗತ್ತಿನ ಕಡೆ ತಿರುಗುವುದು.

ಆ ದೀಪಾವಳಿಯ ಮೂರು ದಿನ ನನಗೆ ಏಕೆ ಮೈಯ ಯೋಚನೆ ಬರಲಿಲ್ಲ ಎಂದು ಆಮೇಲೆ ಯೋಚಿಸಿದೆ. ಅಡಿಕೆ ಕೊಯ್ಲು ಶುರುವಾಗಿತ್ತು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದೆವು. ಕಣ್ಣು ಕೈಯ ಮೇಲೆ, ಕಿವಿ ಚಿಕ್ಕಪ್ಪ ಹೇಳುತ್ತಿದ್ದ ಹಳೆಯ ಕಥೆಗಳ ಮೇಲೆ. ತಪ್ಪಿದರೆ ಬೆರಳು ಕೊಯ್ಯುತ್ತದೆ. ನಡುವೆ ಅಜ್ಜಿ ಕಾಫಿಯನ್ನೋ ಅವಲಕ್ಕಿಯನ್ನೋ ತಂದಿಡುವರು, ಯಾರೂ ಯಾರ ತಟ್ಟೆಯನ್ನೂ ನೋಡುತ್ತಿರಲಿಲ್ಲ. ಎಲ್ಲರಿಗೂ ಅಂಥ ಜಗಲಿ ಸಿಗುವುದಿಲ್ಲ, ನನಗೂ ವರ್ಷಕ್ಕೆ ಕೆಲವೇ ದಿನ. ಹಾಸ್ಟೆಲ್ಲಿನ ಬೀರುವಿನ ಕನ್ನಡಿಗೆ ಈಗ ನಾನು ಒಂದು ದೊಡ್ಡ ನಕಾಶೆ ಅಂಟಿಸಿದ್ದೇನೆ. ಮೇಲ್ಗಡೆ ಅಂಗೈಯಷ್ಟು ಜಾಗ ಬಿಟ್ಟಿದ್ದೇನೆ, ಮುಖ ನೋಡಿಕೊಳ್ಳಲು.

ಮೊನ್ನೆ ಆ ಹುಡುಗಿ ಮೆಸ್ಸಿನಲ್ಲಿ ಎದುರಿಗೆ ಬಂದು ಕೂತಳು. ನನ್ನ ಕಣ್ಣು ಅಭ್ಯಾಸಬಲದಿಂದ ಅವಳ ಕೆನ್ನೆ, ತೋಳುಗಳ ಕಡೆ ಹೋಯಿತು. ಏನೋ ಒಂದು ಮಾತು ನಾಲಿಗೆಯ ತುದಿಗೂ ಬಂತು. ನುಂಗಿಕೊಂಡೆ. "ಡೆಸರ್ಟೇಶನ್ ಎಲ್ಲಿಗೆ ಬಂತೇ?" ಎಂದೆ. ಅವಳು ಮುದ್ದೆ ಮುರಿಯುತ್ತಾ ಹೇಳಲು ಶುರುಮಾಡಿದಳು. ಅರ್ಧ ಗಂಟೆ ಮಾತಾಡಿದಳು. ತಟ್ಟೆ ಖಾಲಿಯಾದದ್ದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.